ಡಿಕ್ಕಿಯ ದೀಪ, ಓರಗಿತ್ತಿಯ ಕಾರು

ನಮ್ಮ ಕಾರು ಮೊದಲ ಸಲ ಕೈಕೊಟ್ಟಿದ್ದು ಅತ್ತೆಯನ್ನು ಕಣ್ಣಿನ ಆಸ್ಪತ್ರೆಗೆ ಕರೆದೊಯ್ಯಬೇಕಾಗಿದ್ದ ಬೆಳಿಗ್ಗೆಯೇ. ನೀಲಗಿರಿ ಬೆಟ್ಟದ ಕೋತಗಿರಿಯ ಜನವರಿ ಚಳಿ. ಅತ್ತೆ ಸ್ವೆಟರಿನ ಮೇಲೆ ಶಾಲು ಹೊದ್ದು, ಮಡಿಲಲ್ಲಿ ಬುಟ್ಟಿ ಇಟ್ಟುಕೊಂಡು ನನ್ನ ಪಕ್ಕದ ಸೀಟಿನಲ್ಲಿ ಕೂತಿದ್ದರು. ಕೀಲಿ ತಿರುಗಿಸಿದೆ. ಟಿಕ್ ಅಂದಿತು. ಮತ್ತೆ ತಿರುಗಿಸಿದೆ. ಮುಂದಿನ ಸಣ್ಣ ದೀಪಗಳು ಮಂಕಾಗಿ ಮಿನುಗಿ ಆರಿಹೋದವು.

ಅದೇ ಅಂಗಳದ ಇನ್ನೊಂದು ಬದಿಯಲ್ಲಿ ನನ್ನ ಓರಗಿತ್ತಿ ತನ್ನ ಹಳೆಯ ಪುಟ್ಟ ಕಾರಿನ ಗಾಜು ಒರೆಸುತ್ತಿದ್ದಳು.

"ಏನಾಯ್ತಕ್ಕ, ಸ್ಟಾರ್ಟ್ ಆಗ್ತಿಲ್ವಾ?"

"ಚಳಿಗೆ ಸ್ವಲ್ಪ ಹೊತ್ತು ಬೇಕು," ಅಂದೆ.

ಅತ್ತೆ ಆಗಲೇ ಬಾಗಿಲು ತೆಗೆದಿದ್ದರು. "ಅಲ್ಲಿ ಟೋಕನ್ ಮುಗ್ದೋಯ್ತದೆ ಕಣವ್ವ. ಚಿಕ್ಕವಳ ಕಾರಲ್ಲೇ ಹೋಯ್ತೀನಿ ಬುಡು."

ಓರಗಿತ್ತಿಯ ಕಾರು ಕೀಲಿ ಮುಟ್ಟಿದ ಕೂಡಲೇ ಶುರುವಾಯಿತು. ಅವರಿಬ್ಬರೂ ಗೇಟು ದಾಟಿ ಮೇಟುಪಾಳ್ಯದ ಇಳಿಜಾರಿಗೆ ತಿರುಗುವವರೆಗೂ ನಾನು ಸ್ಟೀರಿಂಗ್ ಹಿಡಿದುಕೊಂಡೇ ಕೂತಿದ್ದೆ. ಅತ್ತೆಗಾಗಿ ಬುತ್ತಿ ಕಟ್ಟಿದ್ದು ನಾನು, ಅವರ ಜಡೆ ಹೆಣೆದದ್ದು ನಾನು. ಕರೆದುಕೊಂಡು ಹೋದದ್ದು ಮಾತ್ರ ಅವಳು.

ನಮ್ಮದು ಗುಂಡ್ಲುಪೇಟೆ ಕಡೆಯಿಂದ ಬಂದು ಇಲ್ಲಿ ನೆಲೆಯೂರಿದ ಮನೆತನ. ನಮ್ಮಿಬ್ಬರ ಗಂಡಂದಿರು, ಅಣ್ಣ ತಮ್ಮ, ಸೇರಿ ತರಕಾರಿ ಬೀಜ, ಗೊಬ್ಬರದ ಅಂಗಡಿ ನಡೆಸುತ್ತಾರೆ. ಅಂಗಳ ಒಂದೇ, ಒಲೆ ಎರಡು. ಅತ್ತೆ ಇರುವುದು ನಮ್ಮ ಪಾಲಿನ ಮನೆಯಲ್ಲಿ. ನಾನು ಸೊಸೆಯಾಗಿ ಬಂದಾಗ ಒಲೆಗೆ ಕಟ್ಟಿಗೆ ಜೋಡಿಸುವುದರಿಂದ ಹಿಡಿದು ಈ ಚಳಿಯಲ್ಲಿ ದೋಸೆಹಿಟ್ಟು ಹುಳಿ ಬರಿಸುವ ತನಕ ಕಲಿಸಿದ್ದು ಅವರೇ. ಓರಗಿತ್ತಿ ಬಹಳ ವರ್ಷದ ಮೇಲೆ ಬಂದಳು. ಗೂಡಲೂರಿನಲ್ಲಿ ಬೆಳೆದ ಹುಡುಗಿ. ಕನ್ನಡ, ತಮಿಳು, ಮಲಯಾಳ ಮೂರನ್ನೂ ಒಂದೇ ಉಸಿರಿಗೆ ಆಡುತ್ತಾಳೆ. ಅಕ್ಕಪಕ್ಕದ ಹಟ್ಟಿಯ ಹೆಂಗಸರೊಂದಿಗೆ ಅವರ ಬಡಗ ಭಾಷೆಯಲ್ಲೂ ನಾಲ್ಕು ಮಾತಾಡಿ ನಗಿಸಿಬರುತ್ತಾಳೆ. ಡ್ರೈವಿಂಗ್ ಕಲಿತೇ ಬಂದಿದ್ದಳು. ನಾನು ಕಲಿತದ್ದು ಅವಳನ್ನು ನೋಡಿದ ಮೇಲೆ. ಅವಳದಕ್ಕಿಂತ ದೊಡ್ಡ ಕಾರನ್ನೇ ಕೊಳ್ಳಬೇಕೆಂದು ಹಟ ಹಿಡಿದದ್ದೂ ನಾನೇ. ಸೆಕೆಂಡ್ ಹ್ಯಾಂಡ್ ಆದರೇನು, ಹಿಂದೆ ಡಿಕ್ಕಿ ಇರುವ, ಉದ್ದನೆಯ ಬೆಳ್ಳಿ ಬಣ್ಣದ ಕಾರು.

ಆ ಕಾರು ಅಂಗಳದಲ್ಲಿ ಮೂರು ನಾಲ್ಕು ದಿನ ಸುಮ್ಮನೆ ನಿಂತರೆ ಸತ್ತಂತೆಯೇ. ಬಸ್ ಸ್ಟ್ಯಾಂಡಿನ ಹತ್ತಿರದ ಎಲೆಕ್ಟ್ರೀಷಿಯನ್ ಬಂದು ಬ್ಯಾಟರಿಗೆ ಮೀಟರ್ ಹಿಡಿದು ನೋಡಿದ. "ಬ್ಯಾಟರಿ ನಲ್ಲಾ ಇರುಕ್ಕು ಅಕ್ಕಾ," ಅಂದ. ಬ್ಯಾಟರಿಯಲ್ಲಿ ದೋಷವಿಲ್ಲ, ಕಾರು ನಿಂತಿರುವಾಗಲೂ ಯಾವುದೋ ಒಂದು ಕರೆಂಟ್ ಎಳೆಯುತ್ತಲೇ ಇದೆ, ಕಾರು ಬಿಟ್ಟುಹೋದರೆ ಒಂದೊಂದೇ ಫ್ಯೂಸ್ ತೆಗೆದು ನೋಡುತ್ತೇನೆ ಎಂದ. ನಾನು ಬಿಡಲಿಲ್ಲ. ಅಂಗಳದಲ್ಲಿ ನನ್ನ ಕಾರಿನ ಜಾಗ ಖಾಲಿ ಬಿದ್ದು, ಓರಗಿತ್ತಿ ಅದನ್ನು ನೋಡುವುದು ನನಗೆ ಬೇಕಿರಲಿಲ್ಲ. ಮೊಬೈಲ್ ಚಾರ್ಜರ್ ಕಿತ್ತೆ. ಗಾಜಿಗೆ ಅಂಟಿಸಿದ್ದ ಕ್ಯಾಮೆರಾದ ವೈರು ತೆಗೆದೆ. ಸ್ಟೀರಿಯೋ ಕೂಡ ಬಿಚ್ಚಿಸಿದೆ. ಕಾರು ಮತ್ತೂ ಸಾಯುತ್ತಲೇ ಇತ್ತು.

ಅತ್ತೆಯ ಆಸ್ಪತ್ರೆ ಓಡಾಟವೆಲ್ಲ ಓರಗಿತ್ತಿಯ ಕಾರಿನದೇ ಆಯಿತು. ನನ್ನದು ಹಾಗೆ ಸತ್ತಾಗಲೆಲ್ಲ ಅವಳೇ ಬರಬೇಕು. ತನ್ನ ಕಾರನ್ನು ನನ್ನದರ ಮೂತಿಗೆ ತಂದು ನಿಲ್ಲಿಸಿ, ಕೆಂಪು ಕಪ್ಪು ಕೇಬಲ್ ಸಿಕ್ಕಿಸಿ, "ಈಗ ಹೊಡೀರಿ ಅಕ್ಕ," ಅನ್ನುತ್ತಿದ್ದಳು. ಅವಳ ಪುಟ್ಟ ಕಾರಿನ ದಯೆಯಿಂದ ನನ್ನ ದೊಡ್ಡ ಕಾರು ಗುರ್ ಅನ್ನುವಾಗ ನಾನು ಅವಳತ್ತ ನೋಡದೆ ಕನ್ನಡಿ ಸರಿಪಡಿಸುತ್ತಿದ್ದೆ. ಅತ್ತೆ ಜಗಲಿಯಲ್ಲಿ ನಿಂತು, "ನಮ್ಮ ಚಿಕ್ಕವಳಿಗೆ ಎಲ್ಲಾ ಗೊತ್ತು," ಅನ್ನುತ್ತಿದ್ದರು. ಅದನ್ನು ಅವರು ಯಾರಿಗೂ ಚುಚ್ಚಲೆಂದು ಹೇಳುತ್ತಿರಲಿಲ್ಲ. ಅದೇ ಹೆಚ್ಚು ಚುಚ್ಚುತ್ತಿತ್ತು.

ಕೊನೆಗೆ ದೋಷ ಹಿಡಿದದ್ದೂ ಅವಳೇ. ಒಂದು ಭಾನುವಾರ ಬೆಳಿಗ್ಗೆ ನಾನು ಸಂತೆಗೆ ಹೋಗಿ ಬಂದು ಕಾರು ನಿಲ್ಲಿಸಿದ್ದೆ. ಕ್ಯಾರೆಟ್ ಚೀಲ ಡಿಕ್ಕಿಯಲ್ಲೇ ಉಳಿದಿತ್ತು. ಮಧ್ಯಾಹ್ನ ಊಟ ಮುಗಿದ ಮೇಲೆ ಅವಳು ಅದನ್ನು ಇಳಿಸಲು ಡಿಕ್ಕಿ ತೆಗೆದವಳು ಅಲ್ಲಿಂದಲೇ ಕೂಗಿದಳು.

"ಅಕ್ಕಾ, ಬನ್ನಿ ಇಲ್ಲಿ. ಈ ಬಲ್ಬ್ ಮುಟ್ಟಿ ನೋಡಿ."

ಮುಟ್ಟಿದೆ. ಬೆರಳು ಚುರ್ ಅಂದಿತು. ಡಿಕ್ಕಿ ತೆಗೆದಾಗ ಮಾತ್ರ ಹತ್ತಬೇಕಾದ ದೀಪ ಅದು. ಈಗಷ್ಟೇ ಹತ್ತಿದ್ದರೆ ಇಷ್ಟು ಬಿಸಿಯಾಗಲು ಸಾಧ್ಯವಿಲ್ಲ.

"ಮುಚ್ಚಿದಾಗಲೂ ಉರೀತಾ ಇರ್ತದೆ, ಅದೇ ನಿಮ್ಮ ಬ್ಯಾಟರಿ ತಿಂತಾ ಇರೋದು," ಅಂದಳು.

ನನಗೆ ಒಪ್ಪಿಕೊಳ್ಳಲು ಮನಸ್ಸಾಗಲಿಲ್ಲ. "ಬಿಸಿಲಿಗೆ ಕಾದಿರಬೇಕು," ಅಂದೆ. ಬಿಸಿಲೇ ಇರಲಿಲ್ಲ. ಬೆಳಿಗ್ಗೆಯಿಂದ ಮಂಜು ಮುಸುಕಿತ್ತು. ಅವಳು ನಕ್ಕಳು. ಆ ನಗು ತಡೆಯಲಾಗದೆ ನಾನು ಸೆರಗು ಸಿಕ್ಕಿಸಿ ಡಿಕ್ಕಿಯೊಳಗೆ ಹತ್ತಿ ಮಗ್ಗುಲಾಗಿ ಮುದುಡಿಕೊಂಡೆ. "ಮುಚ್ಚು. ನಾನೇ ನೋಡ್ತೀನಿ. ಬಡಿದ ತಕ್ಷಣ ತೆಗಿ."

ಮುಚ್ಚಿದಳು. ಕತ್ತಲಾಗಲಿಲ್ಲ. ದೀಪ ನನ್ನ ತಲೆಯ ಪಕ್ಕದಲ್ಲೇ ಹಳದಿಯಾಗಿ ಉರಿಯುತ್ತಿತ್ತು. ಕ್ಯಾರೆಟ್ಟಿನ ಮಣ್ಣು, ಜಾಕಿ, ನನ್ನ ಕೈಬಳೆ ಎಲ್ಲವೂ ಸ್ಪಷ್ಟವಾಗಿ ಕಾಣುತ್ತಿದ್ದವು. ಅವಳು ಹೇಳಿದ್ದು ನಿಜ. ಬಡಿಯಲು ಎತ್ತಿದ ಕೈಯನ್ನು ಇಳಿಸಿದೆ. ಹೊರಗೆ ಬಂದರೆ ಅದನ್ನು ಅವಳೆದುರು ಒಪ್ಪಿಕೊಳ್ಳಬೇಕಿತ್ತು.

ಹೊರಗಿನಿಂದ ಅತ್ತೆಯ ದನಿ ಕೇಳಿಸಿತು. "ದೊಡ್ಡವಳು ಎಲ್ಲವ್ವ?"

"ಡಿಕ್ಕಿ ಒಳಗೆ."

"ಅಯ್ಯೋ ಶಿವನೇ! ತಗಿಯೇ ಮೊದ್ಲು!"

ಅತ್ತೆ ಬೈಯುತ್ತಾ ನನ್ನ ಸೀರೆಯ ಮಣ್ಣು ಕೊಡವಿದರು. ಮುಚ್ಚಳ ಮುಚ್ಚಿದಾಗ ಸ್ವಿಚ್ಚನ್ನು ಒತ್ತಬೇಕಾದ ಚಿಕ್ಕ ರಬ್ಬರ್ ಬಿದ್ದುಹೋಗಿದೆ ಎಂದು ಓರಗಿತ್ತಿ ತೋರಿಸಿದಳು. ಹಳೆಯ ಹವಾಯಿ ಚಪ್ಪಲಿಯ ತುಂಡು ಕತ್ತರಿಸಿ ಅಂಟಿಸಿದರೆ ಸರಿಹೋಗುತ್ತದೆ ಎಂದು ಚಪ್ಪಲಿ ತರಲು ಒಳಗೆ ಹೋದಳು. ಅವಳು ಬರುವಷ್ಟರಲ್ಲಿ ನಾನು ಬಲ್ಬನ್ನೇ ಸೆರಗಿನಲ್ಲಿ ಹಿಡಿದು ಕಿತ್ತು ಬೇಲಿಯಾಚೆ ಎಸೆದಿದ್ದೆ. ಅವಳು ಕೈಯಲ್ಲಿ ಚಪ್ಪಲಿ ಹಿಡಿದು ನಿಂತಳು.

ಅಲ್ಲಿಂದ ಮುಂದೆ ಕಾರು ಒಂದು ದಿನವೂ ತಕರಾರು ಮಾಡಲಿಲ್ಲ. ಅತ್ತೆಯ ಮುಂದಿನ ತಪಾಸಣೆಯ ದಿನ ನಾನು ಬೇಗನೆ ಎದ್ದು, ಎಂಜಿನ್ ಶುರು ಮಾಡಿ, ಹೀಟರ್ ಹಾಕಿ, ಸೀಟಿಗೆ ಕಂಬಳಿ ಹಾಸಿ ಕಾದೆ. ಅತ್ತೆ ಜಗಲಿ ಇಳಿದು ಬಂದರು. ನನ್ನ ಕಾರಿನ ಮುಂದೆಯೇ ಹಾದು ಓರಗಿತ್ತಿಯ ಕಾರಿನ ಬಾಗಿಲಿಗೆ ಕೈ ಹಾಕಿದರು.

"ಅತ್ತೆ, ಈಗ ನನ್ನ ಕಾರು ಸರಿಯಾಗಿದೆಯಲ್ಲ!" ನನ್ನ ದನಿ ಬೇಕಾದದ್ದಕ್ಕಿಂತ ಜೋರಾಯಿತು.

"ಸರಿಯಾಗ್ಯದೆ ಕಣವ್ವ. ನಿನ್ನ ಸೀಟು ತಗ್ಗು. ಇಳಿಯೋವಾಗ ಮಂಡಿ ಹಿಡ್ಕೊತದೆ. ನೀನೂ ಬಾ, ಹಿಂದೆ ಕೂತ್ಕೊ."

ಎಂಜಿನ್ ಆರಿಸಿ ಹೋಗಿ ಹಿಂದೆ ಕೂತೆ. ಘಾಟಿಯುದ್ದಕ್ಕೂ ನನ್ನ ಕಣ್ಣೆದುರು ಎರಡು ತಲೆಗಳು. ಓರಗಿತ್ತಿ ಚಹಾ ಫ್ಯಾಕ್ಟರಿಯ ಯಾರದೋ ಜಗಳವನ್ನು ಎರಡೂ ಕಡೆಯವರ ದನಿ ತೆಗೆದು ಹೇಳುತ್ತಿದ್ದಳು. ಅತ್ತೆ ನಕ್ಕು ನಕ್ಕು ಕೆಮ್ಮಿದರು. ನನ್ನ ಕಾರಿನಲ್ಲಿ ಅವರು ಹಾಗೆ ನಕ್ಕದ್ದಿಲ್ಲ. ತಿರುವು ಬಂದಾಗಲೆಲ್ಲ ನಾನು ಬಾಯಿ ಬಿಗಿದು ರಸ್ತೆ ನೋಡುವವಳು. ತಗ್ಗು ಸೀಟಿನದು ನೆಪವೇ ಇರಬೇಕು ಅನ್ನಿಸಿ ಕಿಟಕಿಯ ಕಡೆ ತಿರುಗಿಕೊಂಡೆ.

ಕೊಯಮತ್ತೂರಿನ ಆಸ್ಪತ್ರೆಯಲ್ಲಿ ಅಂದು ಕಣ್ಣಿಗೇ ಇಂಜೆಕ್ಷನ್ ಕೊಡುವುದಿತ್ತು. ಬಾಗಿಲವರೆಗೆ ಜೊತೆಗೆ ಒಬ್ಬರು ಮಾತ್ರ ಬರಬಹುದು ಎಂದು ನರ್ಸ್ ಹೇಳಿದಳು. ಓರಗಿತ್ತಿ ಮುಂದೆ ಹೆಜ್ಜೆ ಇಟ್ಟಳು. ಅತ್ತೆ ಅವಳತ್ತ ನೋಡದೆಯೇ ಹಿಂದಕ್ಕೆ ಕೈ ಚಾಚಿ ನನ್ನ ಮಣಿಕಟ್ಟು ಹಿಡಿದುಕೊಂಡರು. ಅವರ ಕೈ ತಣ್ಣಗಿತ್ತು. "ನೀನಿರವ್ವ," ಅಂದರು. ಒಳಗೆ ಕರೆಯುವವರೆಗೂ ಬಿಡಲಿಲ್ಲ.

ವಾಪಸು ಬರುವಾಗ ಮೇಟುಪಾಳ್ಯದಲ್ಲಿ ಚಹಾಕ್ಕೆ ನಿಲ್ಲಿಸಿದೆವು. ಅತ್ತೆ ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಕಾರಿನಲ್ಲೇ ನಿದ್ದೆ ಹೋಗಿದ್ದರು. ಓರಗಿತ್ತಿ ಲೋಟ ತಿರುಗಿಸುತ್ತಾ, ಯಾವತ್ತೂ ಇಲ್ಲದಷ್ಟು ಮೆಲ್ಲಗೆ ಮಾತಾಡಿದಳು.

"ಇಲ್ಲಿಗೆ ನಾನು ಎಷ್ಟು ಸಲ ಕರಕೊಂಡು ಬಂದಿದೀನಿ ಅಕ್ಕ. ಒಂದು ಸಲಾನೂ ನನ್ನ ಕೈ ಹಿಡಿದಿಲ್ಲ. ಒಳಗೆ ಹೋಗೋ ಮುಂಚೆ ಪ್ರತಿ ಸಲ ಒಂದೇ ಮಾತು, ದೊಡ್ಡವಳು ಬಂದಿದ್ರೆ ಅಂತ. ಕೇಳಿ ಕೇಳಿ ನನಗೆ ನಿಮ್ಮ ಮೇಲೆ ಎಷ್ಟು ಉರೀತದೆ ಗೊತ್ತಾ?"

ಏನಾದರೂ ಸಮಾಧಾನದ ಮಾತು ಹೇಳಬೇಕಿತ್ತು. ಆದರೆ ಒಳಗೊಳಗೆ ನನಗೆ ಎಂಥ ಖುಷಿಯಾಗಿತ್ತೆಂದರೆ, ಅದು ಮುಖದಲ್ಲಿ ಕಾಣದಿರಲೆಂದು ಖಾಲಿ ಲೋಟವನ್ನೇ ಮತ್ತೆ ತುಟಿಗೆ ಹಚ್ಚಿದೆ. ಅವಳು ಗಮನಿಸಿದಳು. "ನಗ್ತಾ ಇದೀರಿ," ಅಂದಳು. "ಇಲ್ಲ," ಅಂದೆ. ಅವಳೂ ಸ್ವಲ್ಪ ನಕ್ಕಳು, ಕೋಪದಲ್ಲೇ.

ಘಾಟಿ ಹತ್ತುವಾಗ ಮುಂದಿನ ಸೀಟಿನಲ್ಲಿ ಅತ್ತೆಯ ತಲೆ ಅವಳ ಭುಜದ ಕಡೆಗೆ ವಾಲಿತು. ನಾನು ಹಿಂದಿನಿಂದ ಕೈ ಚಾಚಿ, ಅದನ್ನು ಮೆಲ್ಲಗೆ ಕಿಟಕಿಯ ಬದಿಗೆ ಸರಿಸಿ, ಮಡಚಿದ ಶಾಲನ್ನು ತಲೆಯಡಿಗೆ ಒತ್ತಾಗಿ ಇಟ್ಟೆ.