ಹದಿನೇಳನೇ ಮಂಚದ ಜಾಗ

ನಮಗೆ ಸಿಗುವ ಹೊಸ ಮನೆಯಲ್ಲಿ ನಿಮಗೊಂದು ಚಿಕ್ಕ ಕೋಣೆ ಬರುತ್ತದೆಂದು ನಿಮ್ಮ ಅಪ್ಪ ಹೇಳಿದ್ದ. ಕಿಟಕಿಯ ಕಡೆ ಯಾರು ಕೂರಬೇಕೆಂದು ನೀವಿಬ್ಬರೂ ಜಗಳವಾಡಿಯೂ ಆಗಿತ್ತು. ಈಗ ಆ ಕೋಣೆ ಬರುವುದಿಲ್ಲ. ಯಾಕೆಂದು ಕೇಳಿದಿರಿ. ನಾನು ಪಾತ್ರೆ ತೊಳೆಯುವ ನೆವ ಮಾಡಿ ಎದ್ದುಹೋದೆ. ಎದುರಿಗೆ ಕೂತು ಹೇಳುವುದು ನಿಮ್ಮ ಈ ಅಜ್ಜಿಗೆ ಚಿಕ್ಕಂದಿನಿಂದಲೂ ಆಗದು. ಹಳ್ಳಿ ಶಾಲೆಯಲ್ಲಿ ಉತ್ತರ ಗೊತ್ತಿದ್ದರೂ ಕೈ ಎತ್ತುತ್ತಿರಲಿಲ್ಲ. ಅದಕ್ಕೆ ಬರೆಯುತ್ತಿದ್ದೇನೆ. ನಿಮಗೆ ಕನ್ನಡ ಓದಲು ಬಾರದು, ಅಪ್ಪನೇ ಓದಿ ಹೇಳಬೇಕು. ಅವನು ನಡುವೆ ಬಿಟ್ಟು ಓದಿದರೆ ನನಗೆ ಗೊತ್ತಾಗುತ್ತದೆ.

ನಾವಿರುವ ಭಾಂಡುಪಿನ ಈ ಬರಾಕುಗಳು ನಾನು ಹುಟ್ಟುವ ಮೊದಲೇ ಮುಗಿದ ಯುದ್ಧದ ಕಾಲದವು. ಯಾರದೋ ಗದ್ದೆಗಳನ್ನು ಸೇನೆ ವಶಕ್ಕೆ ತೆಗೆದುಕೊಂಡು, ಸಿಪಾಯಿಗಳು ಮಲಗಲೆಂದು ತಗಡಿನ ಮಾಡಿನ ಉದ್ದನೆಯ ಕಟ್ಟಡಗಳನ್ನು ಕಟ್ಟಿಸಿತಂತೆ. ಯುದ್ಧ ಮುಗಿಯಿತು, ಸಿಪಾಯಿಗಳು ಹೋದರು. ಜಾಗ ಮಾತ್ರ ಕಾಗದದಲ್ಲಿ ಸೇನೆಯದಾಗಿಯೇ ಉಳಿಯಿತು. ಹತ್ತಿರದ ಮಿಲಿಟರಿ ಗೋದಾಮಿನಲ್ಲಿ ಗುಮಾಸ್ತರಾಗಿದ್ದ ನಿಮ್ಮ ತಾತನಿಗೆ ಅದರಲ್ಲೊಂದು ಭಾಗ ವಾಸಕ್ಕೆ ಸಿಕ್ಕಿತ್ತು.

ನಾನು ಮದುವೆಯಾಗಿ ಮಂಡ್ಯದ ಕಡೆಯಿಂದ ಬಂದಾಗ ಗೋಡೆಯ ಮೇಲೆ ಸಾಲಾಗಿ ಅಂಕಿಗಳಿದ್ದವು. ಒಂದೊಂದು ಅಂಕಿಯ ಕೆಳಗೆ ಒಬ್ಬೊಬ್ಬ ಸಿಪಾಯಿಯ ಮಂಚ. ಸಂಸಾರಗಳಿಗೆ ಹಂಚಿದಾಗಲೂ ಅದೇ ಅಳತೆ, ಮನೆಗೆ ನಾಲ್ಕು ಮಂಚದ ಜಾಗ. ಹದಿಮೂರರಿಂದ ಹದಿನಾರು ನಮ್ಮದು. ಹದಿನೇಳರಿಂದ ಇಪ್ಪತ್ತು ಪಕ್ಕದ ಮನೆಯ ಅಕ್ಕನದು. ಅವರು ವಿಜಯಪುರದ ಕಡೆಯವರು, ಗಂಡ ಅದೇ ಗೋದಾಮಿನಲ್ಲಿ ಹಮಾಲಿ. ಎರಡು ಮನೆಗಳ ನಡುವೆ ಹಲಗೆಯ ಅಡ್ಡಗೋಡೆ, ಅದೂ ಮಾಡಿನವರೆಗೆ ಇರಲಿಲ್ಲ. ಅಕ್ಕ ಮೆಣಸಿನಕಾಯಿ ಹುರಿದರೆ ನಾವು ಸೀನುತ್ತಿದ್ದೆವು.

ನಿಮ್ಮ ಅಪ್ಪ ಹುಟ್ಟಿದಾಗ ಬಾಣಂತನಕ್ಕೆ ನನ್ನ ಅವ್ವ ಊರಿಂದ ಬಂದಳು. ಅವಳಿಗೆ ಕಾಲು ಚಾಚಲು ಜಾಗವಿರಲಿಲ್ಲ. ಅಕ್ಕನೇ ಬಂದು ನೋಡಿ, "ಗ್ವಾಡಿ ನಮ್ಮ ಕಡೆ ಸರಸ್ಕೋ ತಂಗಿ. ನಾವೇನ ಅಲ್ಲಿ ಕುಸ್ತಿ ಆಡ್ತೇವೇನ?" ಅಂದರು.

"ಒಂದೇ ಒಂದು ತಿಂಗಳು ಅಕ್ಕಾ" ಅಂದೆ.

ಗಂಡಸರು ಮೊಳೆ ಕಿತ್ತು ಹಲಗೆಗಳನ್ನು ಒಂದು ಮಂಚದಷ್ಟು ಆಚೆ ಸರಿಸಿದರು. ಹದಿನೇಳು ನಮ್ಮ ಕಡೆಗೆ ಬಂತು.

ಅವ್ವ ಊರಿಗೆ ಹೋದಳು. ಆ ಜಾಗದಲ್ಲಿ ತೊಟ್ಟಿಲು ತೂಗಿತು. ಆಮೇಲೆ ನಿಮ್ಮ ಅಪ್ಪನ ಪುಸ್ತಕದ ಪೆಟ್ಟಿಗೆ ಬಂತು. ಆಮೇಲೆ ನಿಮ್ಮ ತಾತ ಕಾಯಿಲೆ ಬಿದ್ದು ಎರಡು ವರ್ಷ ಅಲ್ಲೇ ಮಲಗಿದರು, ಅಲ್ಲೇ ಹೋದರು. ಅದಾದ ಮೇಲೆ ಹಲಗೆ ಸರಿಸುವ ಮಾತು ನನ್ನ ಬಾಯಿಗೆ ಬರಲೇ ಇಲ್ಲ. ಅಕ್ಕನೂ ಕೇಳಲಿಲ್ಲ. ಅಷ್ಟರಲ್ಲಿ ಅವರ ಮಗಳು ಗಂಡನನ್ನು ಬಿಟ್ಟು ಕೂಸಿನೊಂದಿಗೆ ಬಂದಿದ್ದಳು. ಅವಳ ಹೊಲಿಗೆ ಮಶೀನು ಒಳಗೆ ಹಿಡಿಸದೆ ಹೊರಗಿನ ಪಡಸಾಲೆಯಲ್ಲೇ ಇರುತ್ತಿತ್ತು. ಮಳೆ ಬಂದರೆ ತಾಯಿ ಮಗಳು ಸೇರಿ ಅದನ್ನು ಒಳಗೆಳೆಯುತ್ತಿದ್ದರು. ನಾನು ಕೊಡ ಹಿಡಿದು ನೋಡದವಳಂತೆ ದಾಟಿಹೋಗುತ್ತಿದ್ದೆ. ದೀಪಾವಳಿಗೆ ಸುಣ್ಣ ಹೊಡೆಯುವಾಗ ಹದಿನೇಳರ ಮೇಲೆ ಎರಡು ಸಲ ಹೆಚ್ಚಿಗೆ ಹೊಡೆಯುತ್ತಿದ್ದೆ. ಇದನ್ನು ಯಾರಿಗೂ ಹೇಳಿರಲಿಲ್ಲ.

ಹೋದ ವರ್ಷ ಸೇನೆ ಈ ಜಾಗವನ್ನು ಕೊನೆಗೂ ಬಿಟ್ಟುಕೊಡುತ್ತದೆಂದು ಕಾಗದ ಬಂತು. ಬರಾಕು ಕೆಡವಿ ಬಿಲ್ಡಿಂಗ್ ಕಟ್ಟುತ್ತಾರೆ, ಈಗಿರುವ ಮನೆ ಎಷ್ಟೋ ಅದಕ್ಕೆ ತಕ್ಕ ಮನೆ. ಅಳತೆಯವರು ಬರುವ ದಿನ ನಿಮ್ಮ ಅಪ್ಪ ರಜೆ ಹಾಕಿದ್ದ.

"ಅಮ್ಮಾ, ನೀನು ಚುಪ್ ಕೂತ್ಕೋ. ಸೈನ್ ಮಾಡು, ಬಸ್" ಅಂದ. ಹಲಗೆಯ ವಿಷಯ ಅವನಿಗೆ ಗೊತ್ತಿತ್ತು.

ಅಳತೆಯವರು ಮೊದಲು ಅಕ್ಕನ ಮನೆಗೆ ಹೋದರು. ಹಲಗೆಯ ಮೇಲಿನಿಂದ ಎಲ್ಲ ಕೇಳುತ್ತಿತ್ತು.

"ಬಸ್, ಇತನಾ ಹೀ?" ಅಂದ ಸರ್ವೆಯವನು, ಇಷ್ಟೇನಾ ಎಂದು.

"ಇತನಾ ಹೀ ಸಾಬ್" ಅಂದರು ಅಕ್ಕ. ಆಮೇಲೆ ಮಗಳಿಗೆ, "ಹೊಸಾ ಮನ್ಯಾಗೂ ನಿನ್ನ ಮಶೀನ ಹೊರಗ ಇರ್ಲಿ ಬಿಡು. ಅದಕ್ಕೂ ಗಾಳಿ ಬೇಕಲ್ಲ" ಅಂದು ನಕ್ಕರು. ಮಗಳು ನಗಲಿಲ್ಲ.

ಸರ್ವೆಯವನು ನಮ್ಮಲ್ಲಿಗೆ ಬಂದ. ಕೈಯಲ್ಲಿನ ಯಂತ್ರದ ಕೆಂಪು ಚುಕ್ಕೆ ಗೋಡೆಯಿಂದ ಗೋಡೆಗೆ ಹೋಯಿತು. ಅಂಕಿ ಬರೆದು ಕಾಗದ ಮುಂದೆ ಹಿಡಿದ. ಮನೆ ನನ್ನ ಹೆಸರಿನಲ್ಲಿದೆ. ಹೆಸರಿನ ಮೊದಲ ಅಕ್ಷರ ಬರೆದೆ. ಮುಂದಕ್ಕೆ ಕೈ ಓಡಲಿಲ್ಲ.

"ಏನಾಯ್ತಮ್ಮಾ? ಸೈನ್ ಮಾಡು ನಾ. ಅವ್ರಿಗೆ ಇನ್ನೂ ಹತ್ತು ಮನೆ ಬಾಕಿ ಇದೆ."

"ಯೇ ದೀವಾರ್ ಇಧರ್ ಕಾ ನಹೀ" ಅಂದೆ, ಈ ಗೋಡೆ ಇಲ್ಲಿಯದಲ್ಲವೆಂದು. ನನ್ನ ಹಿಂದಿ ಅಷ್ಟೇ, ದನಿಯೂ ಅಷ್ಟೇ.

"ಕ್ಯಾ ಬೋಲೀ, ಆಜೀ?" ಅಂತ ಅವನು ಬಗ್ಗಿದ.

ನಾನು ಎದ್ದು ದೋಸೆ ಮಗುಚುವ ಸಟ್ಟುಗ ತಂದು ಅಂಕಿಗಳಿದ್ದ ಗೋಡೆ ಕೆರೆಯತೊಡಗಿದೆ. ಸುಣ್ಣ ಹಕ್ಕಳೆ ಹಕ್ಕಳೆಯಾಗಿ ಬಿತ್ತು.

"ಅಮ್ಮಾ, ಪಾಗಲ್ ಆದ್ಯಾ?" ಅಂದ ನಿಮ್ಮ ಅಪ್ಪ.

ಆ ಕಡೆಯಿಂದ ಅಕ್ಕ, "ತಂಗೀ, ಏನ ಕೆರ್ಯಾಕತ್ತಿ? ಇಲಿ ಹೊಕ್ಕಾವೇನ?" ಅಂದರು.

ಒಂದು ಅಂಕಿ ಕಾಣಿಸಿತು, ಆಮೇಲೆ ಇನ್ನೊಂದು.

"ನಿಮ್ಮ ಹದಿನೇಳು, ಅಕ್ಕಾ" ಅಂದೆ.

"ಪರವಾಗಿಲ್ಲ, ಇರ್ಲಿ ಬಿಡು" ಅನ್ನುತ್ತಾರೆಂದು ಕಾದೆ. ಮಕ್ಕಳೇ, ನಿಜ ಹೇಳುತ್ತೇನೆ, ಹಾಗೆ ಅನ್ನಲಿ ಎಂಬ ಆಸೆಯೂ ನನಗಿತ್ತು. ಹೇಳಿದ ಹಾಗೂ ಆಗುತ್ತಿತ್ತು, ಜಾಗ ಉಳಿದ ಹಾಗೂ ಆಗುತ್ತಿತ್ತು.

"ನಲವತ್ತ ವರ್ಷಕ್ಕ ನಿನ್ನ ಒಂದ ತಿಂಗಳಾ ಮುಗೀತೇನು?" ಅಂದರು ಅಕ್ಕ. ಆಮೇಲೆ, "ಬಡಿಗ್ಯಾಗ ಹೇಳು. ಐತವಾರ ಸರಸೋಣು."

ಸರ್ವೆಯವನು ಅಂಕಿ ಹೊಡೆದುಹಾಕಿ, ಗೋಡೆ ಸರಿದ ಮೇಲೆ ಇನ್ನೊಮ್ಮೆ ಬರುತ್ತೇನೆಂದು ಹೋದ.

ಭಾನುವಾರದವರೆಗೆ ನಿಮ್ಮ ಅಪ್ಪ ಮಾತಾಡಲಿಲ್ಲ. ಮುಖ ನೋಡದೆ ಡಬ್ಬಿ ತೆಗೆದುಕೊಂಡು ಲೋಕಲ್ ರೈಲು ಹಿಡಿಯಲು ಹೋಗುತ್ತಿದ್ದ. ಒಂದು ಬೆಳಿಗ್ಗೆ ಮಾತ್ರ ಬಾಗಿಲಲ್ಲಿ ನಿಂತು, "ಅಪ್ಪ ಮಲಗಿದ್ದ ಜಾಗ ಅದು. ಅದೂ ನೆನಪಾಗ್ಲಿಲ್ವಾ ನಿನಗೆ?" ಅಂದ. ನೆನಪಾಗಿತ್ತು. ಆ ದಿನವೆಲ್ಲ ಕೂತಲ್ಲಿ ಕೂರಲಾಗಲಿಲ್ಲ. ಪಡಸಾಲೆಯ ಈ ತುದಿಯಿಂದ ಆ ತುದಿಗೆ ಎಷ್ಟು ಸಲ ನಡೆದೆನೋ. ಮಾಡಿದ್ದು ಸರಿಯೆಂದು ಇಂದಿಗೂ ಅವನ ಮುಂದೆ ಹೇಳಲಾರೆ, ತಪ್ಪೆಂದೂ ಹೇಳಲಾರೆ.

ಭಾನುವಾರ ಬಡಗಿ ಹಲಗೆ ಕಿತ್ತ. ಅಕ್ಕ ಸೆರಗು ಸಿಕ್ಕಿಸಿಕೊಂಡು ಆ ಕಡೆ ನಿಂತಿದ್ದರು. "ಇನ್ನೊಂದ ಚೂರ ಅತ್ತಾಗ," ಅಂದರು. ಸರಿಸಿದ. "ಇನ್ನೊಂದ ಬೆರಳ." ಮತ್ತೆ ಸರಿಸಿದ. ನೆಲದಲ್ಲಿ ಹಳೆಯ ಮೊಳೆಯ ತೂತುಗಳಿದ್ದವು. ಅವರು ಬಗ್ಗಿ ಒಂದೊಂದನ್ನೂ ಬೆರಳಿನಿಂದ ಮುಟ್ಟಿ ತೋರಿಸಿದರು, ಹುಡುಕಲೇ ಇಲ್ಲ. ಇಷ್ಟು ವರ್ಷ ಅವರು ಕೇಳದೇ ಇದ್ದದ್ದು ಮರೆತು ಅಲ್ಲ ಎಂದು ನನಗೆ ಆಗ ತಿಳಿಯಿತು.

ನಿಮ್ಮ ಅಪ್ಪ ಹಲಗೆಯ ಇನ್ನೊಂದು ತುದಿಯನ್ನು ಅಲುಗದಂತೆ ಹಿಡಿದುಕೊಂಡಿದ್ದ. ಬಡಗಿ ಮೊಳೆ ಹೊಡೆದ.