ಕಾಲಿಗೆ ಕೆಲಸವಿಲ್ಲದ ಗಾಡಿ

ರಿಟೈರ್ ಆದ ಮೂರನೇ ದಿನವೇ ನಮ್ಮ ಮನೆಯವರು ಮೋಟರ್‌ಸೈಕಲ್ ತೊಗೊಳ್ಳುವ ಮಾತು ತೆಗೆದರು. ಮದುವೆಗೆ ಮೊದಲು ವಿಜಯಪುರದಲ್ಲಿ ಅವರ ಹತ್ತಿರ ಒಂದು ಭಾರದ ಗಾಡಿ ಇತ್ತಂತೆ. ಮುಂಬಯಿಗೆ ಬರುವಾಗ ಅದನ್ನು ಮಾರಿದರು. ಆಮೇಲೆ ಮೂವತ್ತು ವರ್ಷ ಬೊರಿವಲಿಯಿಂದ ಚರ್ಚ್‌ಗೇಟಿಗೆ ಲೋಕಲ್‌ನಲ್ಲಿ ನಿಂತುಕೊಂಡು ಹೋದರು, ನಿಂತುಕೊಂಡು ಬಂದರು. ಈಗ ಅರವತ್ತು ದಾಟಿದ ಮೇಲೆ ಒಂದು ಆಸೆ: ದಸರಾ ಮುಗಿದ ಕೂಡಲೆ ಹಳೆ ಪುಣೆ ರಸ್ತೆ ಹಿಡಿದು ಘಾಟ್ ಹತ್ತಿ, ಸೊಲ್ಲಾಪುರದ ಮೇಲೆ ವಿಜಯಪುರ, ಅಲ್ಲಿಂದ ಕೂಡಲಸಂಗಮ, ಮುಂದೆ ಎಲ್ಲಿಗೆ ಮನಸ್ಸು ಬರುತ್ತದೋ ಅಲ್ಲಿಗೆ.

"ಹಿಂದ ನೀ ಕುಂಡ್ರಬೇಕು," ಅಂದರು.

"ಆಯ್ತು," ಅಂದೆ. ಖುಷಿಯಾಗಲಿಲ್ಲ, ಅಂಜಿಕೆಯೂ ಆಗಲಿಲ್ಲ. ಕುಕ್ಕರ್ ಇಳಿಸುವುದಿತ್ತು, ಇಳಿಸಿದೆ.

ನಾನು ಕೆಲವು ವರ್ಷಗಳಿಂದ ಹೀಗೇ ಇದ್ದೇನೆ. ನಮ್ಮ ಅತ್ತೆಯವರಿಗೆ ಸಕ್ಕರೆ ಕಾಯಿಲೆ ಇತ್ತು. ಮೊದಲು ಒಂದು ಬೆರಳು ತೆಗೆದರು, ಆಮೇಲೆ ಪಾದ, ಆಮೇಲೆ ಮೊಣಕಾಲಿನ ತನಕ. ನಾಲ್ಕು ವರ್ಷ ಅವರ ಗಾಯ ತೊಳೆದೆ. ಅವರು ಲಿಂಗೈಕ್ಯರಾದ ದಿನ ಎಲ್ಲರೂ ಅತ್ತರು, ನಾನು ಬಂದವರಿಗೆ ಚಹಾ ಸೋಸಿದೆ. ಅಂದಿನಿಂದ ಯಾವುದೂ ಒಳಗೆ ತಟ್ಟುವುದಿಲ್ಲ. ಪೂಜೆ ಬಿಟ್ಟಿಲ್ಲ, ವಿಭೂತಿ ಬಿಟ್ಟಿಲ್ಲ. ಶಿವ ದಿನಾಲೂ ಏನಾದರೂ ಸಣ್ಣದು ಕೊಡುತ್ತಾನೆ, ಅದನ್ನು ಮನಸ್ಸಿನಲ್ಲಿ ಎಣಿಸಿಕೊಳ್ಳುತ್ತೇನೆ. ಇವತ್ತು ನಲ್ಲಿಯಲ್ಲಿ ನೀರು ನಿಲ್ಲಲಿಲ್ಲ. ಇವತ್ತು ಲೋಕಲ್‌ನಲ್ಲಿ ಕೂಡಲು ಜಾಗ ಸಿಕ್ಕಿತು. ಹೀಗೆ.

ನಮ್ಮದು ಜಂಗಮರ ಮನೆತನ. ಬಿಲ್ಡಿಂಗಿನಲ್ಲಿ ನಮ್ಮ ಕಡೆಯ ನಾಲ್ಕೈದು ಲಿಂಗಾಯತರ ಮನೆಗಳಿವೆ. ಶ್ರಾವಣ ಸೋಮವಾರ ಬಂದರೆ ಇವರನ್ನು ಕರೆದು, ಪಾದ ತೊಳೆದು ಪೂಜೆ ಮಾಡಿ, ಆ ನೀರನ್ನು ಪಾದೋದಕ ಅಂತ ಸ್ವೀಕರಿಸುತ್ತಾರೆ. ಆಫೀಸಿನಲ್ಲಿ ಜೀವಮಾನವೆಲ್ಲ ಬಿಲ್ಲು ಬರೆದ ಮನುಷ್ಯ ಆ ಒಂದು ದಿನ ಎಲ್ಲರಿಗೂ ಅಯ್ಯಾರು.

ಆ ವರ್ಷದ ಮೊದಲ ಶ್ರಾವಣ ಸೋಮವಾರ ನಾಲ್ಕನೇ ಮಹಡಿಯ ಬೆಳಗಾವಿಯ ಅಕ್ಕನ ಮನೆಯಲ್ಲಿ ಪೂಜೆ. ಹೊರಗೆ ಮಳೆ. ಅಯ್ಯಾರಿಗೆ ಥಂಡಿ ಆಗಬಾರದು ಅಂತ ಆಕೆಯ ಹೊಸ ಸೊಸೆ ಗೀಸರಿನ ನೀರನ್ನೇ ತಂಬಿಗೆಯಲ್ಲಿ ಹಿಡಿದು ತಂದಳು. ಇವರು ಕಣ್ಣು ಮುಚ್ಚಿಕೊಂಡು ಮಣೆಯ ಮೇಲೆ ಕೂತಿದ್ದರು, ಕಾಲು ಪರಾತದ ಅಗಲ ತಟ್ಟೆಯಲ್ಲಿ. ಹುಡುಗಿ ನೀರು ಸುರಿದಳು. ಹಬೆ ಎದ್ದಿತು. ಪಾದ ಉಜ್ಜಲು ಕೈ ಹಾಕಿದವಳು ಚುರ್ ಅಂತ ಹಿಂದಕ್ಕೆ ತೆಗೆದಳು.

"ಅಯ್ಯ ಶಿವನ! ಇಷ್ಟು ಸುಡೂ ನೀರು ತಂದಿಯಲ್ಲ!" ಅಕ್ಕ ಸೊಸೆಯ ಮೇಲೆ ಹರಿಹಾಯ್ದಳು. ಆಮೇಲೆ ಇವರ ಮುಖ ನೋಡಿ ದನಿ ಇಳಿಸಿದಳು. "ನೋಡವಾ, ನೋಡು. ಅಯ್ಯಾರು ಒಂದೀಟು ಅಲುಗಾಡಲಿಲ್ಲ. ನಿಷ್ಠಾ ಅಂದ್ರ ಇದು. ನಮಗ ಕುಕ್ಕರ್ ಸೀಟಿ ಹೊಡದ್ರ ಧ್ಯಾನ ಕೆಡತೈತಿ."

ಎಲ್ಲರೂ ಬಗ್ಗಿ ನಮಸ್ಕಾರ ಮಾಡಿದರು. ಇವರು ಕಣ್ಣು ತೆರೆದು ತಮ್ಮ ಕೆಂಪಾದ ಪಾದ ನೋಡಿದರು, ನನ್ನನ್ನು ನೋಡಿದರು. ಕೈ ಎತ್ತಿ ಆಶೀರ್ವಾದ ಮಾಡಿದರು.

ಪಾದೋದಕ ನನ್ನ ತನಕ ಬಂತು. ಅಂಗೈಯಲ್ಲಿ ಹಿಡಿದು ಕುಡಿದೆ. ಇನ್ನೂ ಬಿಸಿ ಇತ್ತು.

ಮನೆಗೆ ಬಂದು ತಣ್ಣೀರಿನಲ್ಲಿ ಕಾಲು ಇಡಿಸಿದೆ. ಎರಡೇ ಗುಳ್ಳೆ ಎದ್ದಿದ್ದವು, ಒಡೆದಿರಲಿಲ್ಲ. ಅದನ್ನೂ ಎಣಿಸಿಕೊಂಡೆ.

"ಯಾವಾಗಿಂದ್ರೀ?"

"ದೀಪಾವಳಿಯಿಂದ ಇರಬೇಕು. ಕಾಲಿಗೆ ಅರಿವಿ ಸುತ್ತಿದಂಗ ಇರತೈತಿ. ಹೋದ ತಿಂಗಳು ಸ್ಟೇಷನ್ನಿನ್ಯಾಗ ಒಂದು ಚಪ್ಪಲಿ ಜಾರಿ ಹೋತು ನೋಡು, ಬ್ರಿಜ್ ಇಳಿದ ಮ್ಯಾಲ ನನಗ ತಿಳೀತು."

"ಜನದಟ್ಟಣಿಯೊಳಗ ಯಾರೋ ತುಳದ್ರು ಅಂದಿದ್ರಿ."

"ಅಂದಿದ್ದೆ."

ಮರುದಿನ ಇವರ ಸಕ್ಕರೆ ಕಾಯಿಲೆಯ ಡಾಕ್ಟರ ಹತ್ತಿರ ಹೋದೆವು. ಇವರಿಗೆ ಕಣ್ಣು ಮುಚ್ಚಲು ಹೇಳಿ, ಗಾಳದ ದಾರದಂಥ ಒಂದು ಎಳೆಯಿಂದ ಅವರು ಅಂಗಾಲನ್ನು ಅಲ್ಲಲ್ಲಿ ಮುಟ್ಟುತ್ತ ಹೋದರು. ಮುಟ್ಟಿದಾಗ ಹೂಂ ಅನ್ನಬೇಕು. ಮುಟ್ಟಿದಾಗ ಇವರು ಸುಮ್ಮನಿದ್ದರು. ಡಾಕ್ಟರು ದಾರ ಕೆಳಗಿಟ್ಟು ಬರೆಯತೊಡಗಿದ ಮೇಲೆ, "ಹೂಂ," ಅಂದರು.

ಕೈಗಳನ್ನೂ ನೋಡಿದರು. ಕೈ ಚೆನ್ನಾಗಿದ್ದವು. ಬರಿಗಾಲಲ್ಲಿ ಓಡಾಡಬೇಡಿ, ದಿನಾ ಸಂಜೆ ಪಾದ ತಿರುಗಿಸಿ ನೋಡಿಕೊಳ್ಳಿ ಅಂದರು. ಗಾಡಿಯ ವಿಷಯ ಇವರು ಎತ್ತಲಿಲ್ಲ. ನಾನೂ ಎತ್ತಲಿಲ್ಲ. ನನಗೆ ಬಾಯಿ ಯಾಕೆ ಬರಲಿಲ್ಲವೋ ಇವತ್ತಿಗೂ ಗೊತ್ತಿಲ್ಲ. ಮೂವತ್ತು ವರ್ಷ ನಿಂತುಕೊಂಡು ಹೋದವರು ಒಂದು ಸೀಟು ಕೇಳುತ್ತಿದ್ದಾರೆ ಅಂತ ಇರಬೇಕು.

ಆಮೇಲೆ ಶೋರೂಮ್‌ಗಳ ತಿರುಗಾಟ. ಬೊರಿವಲಿಯಲ್ಲಿ ನೋಡಿದ ಗಾಡಿ ಹಳೆ ಕಾಲದ ರೂಪದ್ದು, ಗುಡುಗುಡು ಸದ್ದು. ಇವರ ಕಣ್ಣು ಅಲ್ಲೇ ನಿಂತಿತು. ಆದರೆ ಓರೆ ಸ್ಟ್ಯಾಂಡಿನಿಂದ ನೆಟ್ಟಗೆ ಎಬ್ಬಿಸುವಷ್ಟರಲ್ಲಿ ಬೆವತರು. ಅಂಧೇರಿಯದು ಒಂಟೆಯಷ್ಟು ಎತ್ತರ. ಹತ್ತಿ ಕೂತರೆ ಎರಡೂ ಕಾಲಿನ ತುದಿಬೆರಳು ಮಾತ್ರ ನೆಲಕ್ಕೆ. ಹಿಂದೆ ನಾನು ಸೀರೆ ಎತ್ತಿಕೊಂಡು ಹತ್ತಲು ಹೋದರೆ ಸ್ಟೂಲೇ ಬೇಕು. "ಈ ಸ್ಟೂಲೂ ಕೂಡಲಸಂಗಮಕ್ಕ ಬರತೈತೇನ್ರೀ?" ಅಂದೆ. ನಕ್ಕರು. ಹಾಗೆ ಅವರು ನಕ್ಕು ಬಹಳ ದಿನವಾಗಿತ್ತು.

ಬಾಂದ್ರಾದಲ್ಲಿ ನೋಡಿದ ಮೂರನೆಯದು ಸರಿಹೊಂದಿತು. ಭಾರ ಹದ, ಸೀಟು ತಗ್ಗು, ಎರಡೂ ಪಾದ ನೆಲದ ಮೇಲೆ ಪೂರ್ತಿ ಊರುತ್ತಿದ್ದವು. ತೋರಿಸುತ್ತಿದ್ದವಳು ಒಬ್ಬ ಮರಾಠಿ ಹೆಣ್ಣುಮಗಳು, ಸುಮಾರು ಮೂವತ್ತೈದರವಳು, ಬಹಳ ಚುರುಕು. ಮಳೆ ಬಿಟ್ಟಿತ್ತು. ಟೆಸ್ಟ್ ರೈಡ್ ಮಾಡಿ ಕಾಕಾ ಅಂತ ಹೆಲ್ಮೆಟ್ ಕೊಟ್ಟಳು.

ನಾನು ಫುಟ್‌ಪಾತಿನಲ್ಲಿ ನಿಂತೆ. ಹೋಗುವಾಗ ಬೆನ್ನು ನೆಟ್ಟಗೆ ಮಾಡಿ ಕೂತಿದ್ದರು. ನಾನು ನೋಡಿರದ, ಮದುವೆಗೆ ಮುಂಚಿನ ಮನುಷ್ಯ ಹೀಗಿದ್ದಿರಬೇಕು. ತಿರುಗಿ ಬಂದರು. ಗೇಟಿನ ಮುಂದೆ ನಿಲ್ಲಿಸಬೇಕು. ಬಲಗಾಲು ಬ್ರೇಕಿಗಾಗಿ ಗಾಳಿಯಲ್ಲಿ ಹುಡುಕಿತು. ತಲೆ ಬಗ್ಗಿಸಿ ಕಾಲು ಎಲ್ಲಿದೆ ಅಂತ ನೋಡಿದರು. ಅಷ್ಟರಲ್ಲಿ ಗಾಡಿ ಗೇಟು ದಾಟಿತು. ಕೈಯ ಬ್ರೇಕನ್ನು ಒಮ್ಮೆಲೆ ಹಿಡಿದದ್ದಕ್ಕೆ ಮುಂದಿನ ಗಾಲಿ ಜರ್ಕು ಹೊಡೆದು, ಬಾಳೆಹಣ್ಣಿನ ಕೈಗಾಡಿಗೆ ಒಂದು ಗೇಣು ಈಚೆ ನಿಂತಿತು.

ಹಣ್ಣಿನವಳು ಬೈದಳು. ಶೋರೂಮಿನವಳು ನಕ್ಕಳು. "ಇದು ಹಳೆ ಸವಯ್, ಹಳೆ ರೂಢಿ ಕಾಕಾ. ಹಿಂದಿನ ಗಾಡಿಗಳಲ್ಲಿ ಬ್ರೇಕ್ ಎಡಗಾಲಿಗೆ, ಗೇರ್ ಬಲಗಾಲಿಗೆ ಇತ್ತಲ್ಲ? ನಿಮ್ಮ ವಯಸ್ಸಿನ ಎಲ್ಲರಿಗೂ ಹೀಗೇ ಆಗುತ್ತೆ. ಎರಡು ದಿನಕ್ಕೆ ಸರಿಹೋಗುತ್ತೆ."

"ಹೌದು, ಹಳೆ ಸವಯ್," ಇವರು ಹೆಲ್ಮೆಟ್ ತೆಗೆಯುತ್ತ ಹಿಂದಿಯಲ್ಲಿ ಅಂದರು. "ನನ್ನ ಗಾಡಿಯೂ ಹಾಗೇ ಇತ್ತು."

ಮಣೆಯ ಮೇಲೆ ಕೂತು ಆಶೀರ್ವಾದ ಮಾಡಿದ ಮುಖವೇ ಅದು. ಆಕೆ ಬುಕಿಂಗ್ ಫಾರ್ಮ್ ತಂದಿಟ್ಟಳು. ಇವರು ಪೆನ್ನು ತೆಗೆದರು. ನನಗೆ ಘಾಟಿನ ಇಳಿಜಾರು ಕಾಣಿಸಲಿಲ್ಲ, ಅತ್ತೆಯವರ ಕಾಲೂ ಕಾಣಿಸಲಿಲ್ಲ. ಎದೆ ಹೊಡೆದುಕೊಳ್ಳಲೂ ಇಲ್ಲ. ಸುಮ್ಮನೆ ಮಾತು ಹೊರಗೆ ಬಂತು.

"ಸವಯ್ ಅಲ್ಲ ಬೇಟಾ," ಅಂದೆ ಆಕೆಗೆ. "ಇವರ ಕಾಲಿಗೆ ಮುಟ್ಟಿದ್ದು ತಿಳಿಯೋದಿಲ್ಲ. ಬ್ರೇಕ್ ಮೇಲೆ ಕಾಲು ಇದೆಯೋ ಇಲ್ಲವೋ ಅದೂ ತಿಳಿಯೋದಿಲ್ಲ. ಕಾಲಿಗೆ ಕೆಲಸ ಇಲ್ಲದ ಗಾಡಿ ಇದ್ದರೆ ತೋರಿಸು."

ಆಕೆ ಫಾರ್ಮನ್ನು ಮೆಲ್ಲಗೆ ತನ್ನ ಕಡೆ ಎಳೆದುಕೊಂಡಳು. ಮೂಲೆಯಲ್ಲಿ ಒಂದು ದೊಡ್ಡ ಸ್ಕೂಟರ್ ಇತ್ತು. ಅಗಲ ಸೀಟು, ಮುಂದೆ ಗಾಳಿ ತಡೆಯುವ ಗಾಜು. ಗೇರಿಲ್ಲ, ಎರಡೂ ಬ್ರೇಕು ಕೈಯಲ್ಲೇ. ಇದರ ಮೇಲೆ ತಾನೇ ಗಂಡನನ್ನು ಹಿಂದೆ ಕೂಡಿಸಿಕೊಂಡು ಕೊಲ್ಹಾಪುರಕ್ಕೆ ಹೋಗಿ ಬಂದದ್ದಾಗಿ ಹೇಳಿದಳು.

ಇವರು ಹತ್ತಿರಕ್ಕೂ ಹೋಗಲಿಲ್ಲ. ನನಗೆ ಮಾತ್ರ ಕೇಳುವಂತೆ ಕನ್ನಡದಲ್ಲಿ, "ಅದು ಕಾಯಿಪಲ್ಯೆ ತರೂ ಗಾಡಿ. ನಡಿ," ಅಂದರು.

ಬಾಂದ್ರಾದಿಂದ ಬೊರಿವಲಿ ತನಕ ಲೋಕಲ್‌ನಲ್ಲಿ ಎದುರುಬದುರು ಕೂತಿದ್ದೆವು. ಮನೆಗೆ ಬಂದ ಮೇಲೆ, ಚಹಾದ ಬಟ್ಟಲು ಕೈಯಲ್ಲಿ ಹಿಡಿದು, "ಹೊರಗಿನವರ ಮುಂದ ಹೇಳೂದಿತ್ತೇನು?" ಅಂದರು.

"ಮನಿಯೊಳಗ ನೀವು ಕೇಳಲಿಲ್ಲಲ್ರೀ."

"ನೀ ಯಾವಾಗ ಹೇಳಿದಿ?"

ಅದು ಖರೆ. ನಾನು ಹೇಳಿರಲಿಲ್ಲ. ಅವತ್ತು ಸಂಜೆ ಪಾದ ನೋಡಲು ಕೂತಾಗ ಕಾಲು ಹಿಂದಕ್ಕೆ ಎಳೆದುಕೊಂಡರು. ಎಂಟು ದಿನ ತೋರಿಸಲೇ ಇಲ್ಲ. ನಾನೂ ಒತ್ತಾಯಿಸಲಿಲ್ಲ. ಪಾದಕ್ಕೆ ಹಚ್ಚುವ ಎಣ್ಣೆಯ ಬಟ್ಟಲನ್ನು ದಿನಾ ಅದೇ ಹೊತ್ತಿಗೆ ಅಲ್ಲಿ ಇಟ್ಟು ಬರುತ್ತಿದ್ದೆ.

ಶ್ರಾವಣದ ಕೊನೆಯ ಸೋಮವಾರ ಮತ್ತೆ ನಾಲ್ಕನೇ ಮಹಡಿಯಿಂದ ಕರೆ ಬಂತು. ಅಕ್ಕ ಊರಿನಿಂದ ಬಂದ ತನ್ನ ನೆಂಟರನ್ನೆಲ್ಲ ಕೂಡಿಸಿದ್ದಳು. ಸುಡುವ ನೀರಿನ ಕಥೆಯನ್ನು ಆಗಲೇ ಎರಡು ಸಲ ಹೇಳಿಯಾಗಿತ್ತು. ಸೊಸೆ ತಂಬಿಗೆ ಹಿಡಿದು ಬಂದಳು.

ಇವರು ಪರಾತದಿಂದ ಕಾಲು ತೆಗೆದರು.

"ಮೊದಲ ನಿನ್ನ ಕೈ ಹಾಕಿ ನೋಡವಾ," ಅಂದರು. "ಬಿಸಿ ಐತೋ ತಣ್ಣಗೈತೋ ನನ್ನ ಕಾಲಿಗೆ ತಿಳಿಯೂದಿಲ್ಲ. ಅವತ್ತೂ ತಿಳೀಲಿಲ್ಲ. ನಿಷ್ಠಾ ಅಲ್ಲ ಅದು, ಸಕ್ಕರಿ ಬ್ಯಾನಿ."

ಅಕ್ಕ ಸೊಸೆಯನ್ನು ನೋಡಿ, "ಹಂಗಾರ ನನ್ನ ಸೊಸಿಗಿ ನಾ ಸುಮ್ಮನ ಬೈದಂಗಾತಲ್ಲರೀ ಅಯ್ಯಾರ," ಅಂದಳು.

"ಸುಮ್ಮನ ಅಲ್ಲ ಬಿಡ್ರಿ, ನೀರು ಸುಡ್ತಿತ್ತಂತ," ಅಂದರು ಇವರು. ಹುಡುಗಿ ನಕ್ಕುಬಿಟ್ಟಳು. ಬೆರಳದ್ದಿ ನೋಡಿ, ತಣ್ಣೀರು ಬೆರೆಸಿ, ಮತ್ತೆ ಬೆರಳದ್ದಿ, ಆಮೇಲೆ ಸುರಿದಳು.

ಮೆಟ್ಟಿಲು ಇಳಿಯುವಾಗ ಕೇಳಿದರು: "ಆ ಶೋರೂಮಿನಾಕಿ ಕೊಲ್ಹಾಪುರಕ್ಕ ಹೋಗಿದ್ದೆ ಅಂದಿದ್ದು ಖರೇ ಇರಬಹುದೇನು?"

ಸ್ಕೂಟರ್ ಓಡಿಸಬಹುದೇ ಅಂತ ಡಾಕ್ಟರನ್ನು ಕೇಳಿದೆವು. ಅವರಿಗೆ ಮನಸ್ಸಿರಲಿಲ್ಲ. ಕೈ ಇನ್ನೊಮ್ಮೆ ಪರೀಕ್ಷೆ ಮಾಡಿ, ಗಟ್ಟಿ ಬೂಟು ಹಾಕಿ, ಗಾಡಿ ನಿಲ್ಲಿಸಿ ಕಾಲೂರುವಾಗ ಕಣ್ಣಿಂದ ನೋಡಿ ಊರಿ, ತಾಸಿಗೊಮ್ಮೆ ನಿಂತು ಪಾದ ನೋಡಿಕೊಳ್ಳಿ, ಕತ್ತಲಾದ ಮೇಲೆ ಬೇಡ, ಕೈ ಜೋಮು ಹಿಡಿದ ದಿನ ಕೀಲಿ ಹೆಂಡತಿಗೆ ಕೊಟ್ಟುಬಿಡಿ ಅಂದರು. ಇವರು ಎಲ್ಲಕ್ಕೂ ಹೂಂ ಅಂದರು. ಈ ಸಲ ಸರಿಯಾದ ಹೊತ್ತಿಗೆ ಅಂದರು.

ಸ್ಕೂಟರ್ ಮೇಲೆ ಎರಡು ತಿಂಗಳು ಬೊರಿವಲಿಯ ಗಲ್ಲಿಗಳಲ್ಲಿ ಕಾಯಿಪಲ್ಯೆಯನ್ನೇ ತಂದರು. ಆಮೇಲೆ ಒಂದು ಬೆಳಗ್ಗೆ ಹೊರಟೆವು. ಘೋಡ್‌ಬಂದರ್ ರಸ್ತೆ ಹಿಡಿದು ಠಾಣೆಯ ಆಚೆ ಒಂದು ಚಹಾ ಅಂಗಡಿಯ ಮುಂದೆ ಮೊದಲ ಸಲ ನಿಲ್ಲಿಸಿದರು. ತಲೆ ಬಗ್ಗಿಸಿ, ನೆಲ ನೋಡಿ, ಒಂದು ಕಾಲು ಊರಿದರು, ಆಮೇಲೆ ಇನ್ನೊಂದು.

ಬಾಕಿನ ಮೇಲೆ ಕೂತು ತಾವಾಗಿಯೇ ಬಲಗಾಲು ಮುಂದೆ ಚಾಚಿದರು. ಜನ ನೋಡುತ್ತಿದ್ದರು. ನಾನು ಬೂಟು ಬಿಚ್ಚಿದೆ. ಒಳಗೆ ಕಡಲೆಕಾಳಿನಷ್ಟು ಒಂದು ಹರಳು ಇತ್ತು. ಅಂಗಾಲಿನಲ್ಲಿ ಅದರ ಗುರುತು ಒತ್ತಿತ್ತು, ಚರ್ಮ ಹರಿದಿರಲಿಲ್ಲ.

"ಏನಾರ ಐತೇನು?" ಅಂದರು.

"ಇತ್ತು. ತಗದೆ," ಅಂದೆ.

ಕಾಲ್ಚೀಲ ಝಾಡಿಸಿ, ಮತ್ತೆ ಹಾಕಿ, ಲೇಸು ಕಟ್ಟಿದೆ. ಘಾಟ್ ಇನ್ನೂ ಮುಂದಿತ್ತು.