ವೆಲ್ವೆಟ್ ಎತ್ತುಗಳು

ನಮ್ಮ ಕಡೆ ಮದುವೆಯಲ್ಲಿ ರುಖವತ ಅಂತ ಒಂದು ಇರುತ್ತದೆ. ಮಂಟಪದ ಬದಿಗೆ ಮೇಜು ಹಾಕಿ, ಮದುಮಗಳು ಕೈಯಾರೆ ಮಾಡಿದ ಉಂಡಿ, ಕರಜಿಕಾಯಿ, ಕಸೂತಿ, ಗೊಂಬೆ ಎಲ್ಲ ಜೋಡಿಸಿಡುತ್ತಾರೆ. ಗಂಡಿನ ಕಡೆಯ ಹೆಂಗಸರು ಸುತ್ತ ನಿಂತು, ಮುಟ್ಟಿ ನೋಡಿ, ಹುಡುಗಿಯ ಕೈ ಚೆನ್ನಾಗಿದೆ ಅನ್ನುತ್ತಾರೆ. ಆ ಕೈ ಬಹಳ ಸಲ ನನ್ನದು. ಕಲಬುರಗಿಯಲ್ಲಿ ಎಷ್ಟು ಮದುಮಕ್ಕಳ ಕೈಗೆಲಸ ನನ್ನ ಮನೆಯಲ್ಲಿ ತಯಾರಾಗಿದೆಯೋ ನನಗೇ ನೆನಪಿಲ್ಲ. ನಾನು ಬಾಯಿ ಬಿಟ್ಟಿದ್ದರೆ ಅರ್ಧ ಊರಿನ ಬೀಗತನ ಕೆಡುತ್ತಿತ್ತು.

ನಾನು ಮಾಡುವುದು ವೆಲ್ವೆಟ್ ಪುಡಿಯ ಕೆಲಸ. ಪುಡಿ ಅನ್ನುತ್ತೇವೆ ಅಷ್ಟೇ, ಅದು ಎಳ್ಳುಕಾಳಿಗಿಂತ ಗಿಡ್ಡಕ್ಕೆ ಕತ್ತರಿಸಿದ ನೈಲಾನ್ ಕೂದಲು. ಜಗತ್ ಸರ್ಕಲ್ಲಿನ ಅಂಗಡಿಯ ಭಾಯಿ ಹೈದರಾಬಾದಿನಿಂದ ತರಿಸಿಕೊಡುತ್ತಾರೆ. ಮದುವೆಗೆ ಮುಂಚೆ ನಾನು ಕಪನೂರಿನ ಒಂದು ಶೆಡ್ಡಿನಲ್ಲಿ ಒಡವೆ ಡಬ್ಬಿಗಳ ಒಳಮೈಗೆ ಇದನ್ನು ಹೊಡೆಯುತ್ತಿದ್ದೆ. ಶೆಡ್ಡು ಮುಚ್ಚಿದಾಗ ಮಾಲೀಕರು ಹಳೆಯ ಕೈಮಷಿನ್ ಒಂದನ್ನು ನನಗೇ ಕೊಟ್ಟರು. ಆಮೇಲೆ ಕೋಟೆಯ ಹಿಂದಿನ ಓಣಿಯ ನಮ್ಮ ಮನೆಯ ಸಣ್ಣ ಕೋಣೆಯೇ ನನ್ನ ಕಾರ್ಖಾನೆಯಾಯಿತು.

ನೋಡುವವರಿಗೆ ಇದು ಆಟ. ನೆನೆಸಿ ಅರೆದ ಕಾಗದದ ಮುದ್ದೆಯಿಂದ ಎತ್ತಿನ ಮೈ ಮಾಡಬೇಕು, ಒಣಗಿದ ಮೇಲೆ ಅಂಟು ಬಳಿಯಬೇಕು. ಹೊಟ್ಟೆಯ ಕೆಳಗೆ ಒಂದು ಮೊಳೆ ಚುಚ್ಚಿ, ಮಷಿನ್ನಿನ ವೈರಿನ ಕ್ಲಿಪ್ಪು ಅದಕ್ಕೆ ಕಚ್ಚಿಸಬೇಕು. ಮಷಿನ್ ಹಿಡಿದು ಜಾಡಿಸಿದರೆ ಕರೆಂಟಿನ ಸೆಳೆತಕ್ಕೆ ಕೂದಲು ಹಾರಿ ಹೋಗಿ ಅಂಟಿನ ಮೇಲೆ ನೆಟ್ಟಗೆ ನಿಲ್ಲುತ್ತದೆ. ಕ್ಲಿಪ್ಪು ಸಡಿಲಾದರೆ ಕೂದಲು ಮಲಗುತ್ತದೆ, ಎತ್ತು ಜಡ್ಡು ಬಿದ್ದ ಕರುವಿನ ಹಾಗೆ ಕಾಣುತ್ತದೆ. ಮದುವೆಯ ದೊಡ್ಡ ಹಂಗಾಮು ಬರುವುದೇ ನಮ್ಮೂರಿನ ಉರಿಬಿಸಿಲಲ್ಲಿ. ಫ್ಯಾನ್ ಹಚ್ಚಿದರೆ ಪುಡಿಯೆಲ್ಲ ಗೋಡೆಗೆ. ಹವೆ ಒಣಗಿದರೆ ಕೂದಲು ಗಂಟು ಕಟ್ಟುತ್ತದೆ ಅಂತ ಕಿಟಕಿಗೆ ಒದ್ದೆ ಗೋಣಿಚೀಲ ಇಳಿಬಿಟ್ಟು, ಮೂಗಿಗೆ ಬಟ್ಟೆ ಕಟ್ಟಿ ಬೆವರುತ್ತ ಕೂರಬೇಕು. ಕೈ ಕೆಸರಾದರೆ ಬಾಯಿ ಮೊಸರು ಅಂತಾರೆ. ಕೆಸರು ನಮಗೆ, ಮೊಸರು ಮದುಮಗಳಿಗೆ.

ಮಗಳು ನನ್ನ ಪಕ್ಕ ನಿಂತೇ ಕಲಿತಳು, ನನ್ನನ್ನು ಮೀರಿಸಿದಳು. ಕಾಲೇಜಿನಲ್ಲಿದ್ದಾಗ ಅವಳು ಮಾಡಿದ ಒಂದು ಜೋಡಿ ಎತ್ತು ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ. ಒಂದು ಬಿಳಿ, ಒಂದು ಕಂದು. ಕಂದು ಎತ್ತಿನ ಹಣೆಯ ಮೇಲೆ ಬಿಳಿ ನಾಮ. ಮೊದಲು ಹಣೆಗೆ ಬಿಳಿ ಕೂದಲು ಹಾಕಿ, ಒಣಗಿಸಿ, ಅದರ ಮೇಲೆ ಕಾಗದ ಮುಚ್ಚಿ, ಉಳಿದ ಮೈಗೆ ಕಂದು ಹೊಡೆದಿದ್ದಳು. ನಾಮದ ಅಂಚು ಒಂಚೂರೂ ಕದಡಿರಲಿಲ್ಲ. ಯಾರದೋ ರುಖವತಕ್ಕೆ ಅದು ಹೋಯಿತು. ಯಾವ ಊರಿಗೆ, ಯಾವ ಮನೆಗೆ ಅಂತ ನಾವು ಕೇಳುವುದಿಲ್ಲ. ಮಾಲು ಹೊಸ್ತಿಲು ದಾಟಿದ ಮೇಲೆ ನಮ್ಮದಲ್ಲ, ಅದೇ ಈ ಧಂದೆಯ ಮರ್ಯಾದೆ.

ಮಗಳಿಗೆ ಗಂಡು ಹುಡುಕುವಾಗ ನಾನು ಅನುಭವಿಸಿದ್ದು ನನಗೇ ಗೊತ್ತು. ಒಬ್ಬರಿಗೆ ಅವಳ ಬಣ್ಣ ಸಾಲದು, ಇನ್ನೊಬ್ಬರಿಗೆ ಎತ್ತರ ಹೆಚ್ಚಾಯಿತು. ಕಡೆಗೆ ಕಮಲಾಪುರದ ಒಂದು ಸಂಬಂಧ ಬಂತು. ಹೊಲ ಇದ್ದವರು, ಹುಡುಗ ಹೈಸ್ಕೂಲ್ ಮಾಸ್ತರ. ನೋಡಲು ಬಂದ ದಿನ ಅವನು ಮೇಜಿನ ಮೇಲಿದ್ದ ವೆಲ್ವೆಟ್ ನವಿಲನ್ನು ನೋಡಿ, ಕೂದಲು ಹೇಗೆ ನಿಲ್ಲುತ್ತದೆ ಅಂತ ಕೇಳಿದ. ಅಡುಗೆ ಬರುತ್ತದಾ, ಹಾಡು ಬರುತ್ತದಾ ಅಂತ ಕೇಳಿದವರೇ ಎಲ್ಲ, ಕೆಲಸದ ಬಗ್ಗೆ ಕೇಳಿದವನು ಅವನೊಬ್ಬ. ಮಗಳು ಕ್ಲಿಪ್ಪು, ಮೊಳೆ ಎಲ್ಲ ತೋರಿಸಿ ಹೇಳಿದಳು. ಅವರು ಹೋದ ಮೇಲೆ ಕಪ್ಪು ತೊಳೆಯುತ್ತ ಹಾಡು ಗುನುಗಿದಳು. ಅವಳಿಗೆ ಹುಡುಗ ಒಪ್ಪಿಗೆಯಾಗಿದ್ದಾನೆ ಅಂತ ತಿಳಿಯಲು ತಾಯಿಗೆ ಇನ್ನೇನು ಬೇಕು? ಹುಡುಗನ ತಾಯಿಯೂ ಖುಷಿಯಾಗಿದ್ದರು. ತಮ್ಮ ದೊಡ್ಡ ಸೊಸೆಯೂ ಇಂಥವನ್ನು ಮಾಡುತ್ತಾಳೆ ಅಂದಿದ್ದರು. ದೊಡ್ಡ ಸೊಸೆ ಅವತ್ತು ಬಂದಿರಲಿಲ್ಲ.

ಮರುವಾರ ನಾನೂ ನಮ್ಮ ಮನೆಯವರೂ ಗಂಡಿನ ಮನೆ ನೋಡಲು ಕಮಲಾಪುರಕ್ಕೆ ಹೋದೆವು. ಪಡಸಾಲೆಯಲ್ಲಿ ಕೂರಿಸಿ, ತಟ್ಟೆ ತುಂಬ ಕೆಂಪು ಬಾಳೆಹಣ್ಣು ಇಟ್ಟರು. ಎದುರಿಗೆ ಗಾಜಿನ ಕಪಾಟು. ಅದರ ನಡುವಿನ ಹಲಗೆಯ ಮೇಲೆ ಒಂದು ಬಿಳಿ ಎತ್ತು, ಒಂದು ಕಂದು ಎತ್ತು, ಹಣೆಗೆ ಬಿಳಿ ನಾಮ.

ನಾನು ನೋಡುವುದನ್ನು ಕಂಡು ಬೀಗತಿ ಹಿಗ್ಗಿದರು.

“ನಮ್ಮ ದೊಡ್ಡ ಸೊಸಿ ಮಾಡಿದ್ದ್ರೀ. ರುಖವತದಾಗ ಮಂದಿ ಎಲ್ಲಾ ಮೂಗಿನ ಮ್ಯಾಲ ಬೆರಳಿಟ್ಟು ನೋಡ್ಯಾರ. ನಿಮ್ಮ ಮಗಳೂ ಬರಲಿ, ಇಕಿ ಕಡೆ ಕಲಿತಾಳ.”

ದೊಡ್ಡ ಸೊಸೆ ಚಹಾ ತಂದಿದ್ದಳು. ನನ್ನ ಮುಖ ನೋಡಿದ್ದೇ ಚಹಾದ ತಟ್ಟೆಯನ್ನು ಅಲ್ಲೇ ಇಟ್ಟು ಸೆರಗು ಮುಂದಕ್ಕೆ ಎಳೆದುಕೊಂಡಳು. ಮದುವೆಗೆ ಮುಂಚೆ ತಾಯಿಯ ಜೊತೆ ನಮ್ಮ ಕೋಣೆಗೆ ಬಂದು, ಎತ್ತು ಆರಿಸಿಕೊಂಡು ಹೋದವಳು ಅವಳೇ. ನಾನು ಒಂದು ಕ್ಷಣವೂ ತಡಮಾಡದೆ, ಭಾಳ ಛಂದ ಮಾಡ್ಯಾರ್ರೀ ಅಂದೆ. ಮಗಳ ಕೆಲಸವನ್ನು ಇನ್ನೊಬ್ಬಳದು ಅಂತ ನನ್ನ ಬಾಯಿಂದಲೇ ಹೊಗಳಿದೆ. ಅಡುಗೆಮನೆ ತೋರಿಸುವ ನೆಪದಲ್ಲಿ ಅವಳು ನನ್ನನ್ನು ಒಳಗೆ ಕರೆದುಕೊಂಡು ಹೋಗಿ, ಕೈ ಹಿಡಿದುಕೊಂಡು ಅತ್ತಳು. ನಾನೇ ಸಮಾಧಾನ ಮಾಡಿದೆ. ನನ್ನ ಮಗಳು ನಿನ್ನ ತಂಗಿ ಇದ್ದ ಹಾಗೆ, ನಮ್ಮ ಬಾಯಿಂದ ಒಂದು ಮಾತು ಹೊರಬೀಳುವುದಿಲ್ಲ ಅಂತ ಕೈಮೇಲೆ ಕೈ ಇಟ್ಟು ಹೇಳಿದೆ. ಬಸ್ಸಿನಲ್ಲಿ ಬರುವಾಗ ಒಳ್ಳೆಯದೇ ಆಯಿತು ಅಂದುಕೊಂಡೆ. ಹೊಸ ಮನೆಯಲ್ಲಿ ಮಗಳಿಗೆ ನೆಗೆಣ್ಣಿಯ ಬೆಂಬಲ ಇರುತ್ತದೆ ಅಂತ ನನ್ನ ಲೆಕ್ಕ. ಮಗಳಿಗೆ ಹೇಳಿದರೆ ಅವಳು ಬಿದ್ದು ಬಿದ್ದು ನಕ್ಕಳು. ತನ್ನ ಎತ್ತನ್ನು ತಾನೇ ಮತ್ತೆ ಕಲಿತರಾಯಿತು, ಅದಕ್ಕೇನು ಅಂದಳು.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರನ್ನು ಕೇಳಿದ್ದೆ. ಈ ಪುಣ್ಯಾತಗಿತ್ತಿ ಕುಂಬಳಕಾಯಿಯನ್ನೇ ನಮ್ಮ ಹೆಗಲಿಗೆ ಹೊರಿಸಿದಳು. ಕೆಲವು ದಿನದ ಮೇಲೆ, ಈ ಸಂಬಂಧಕ್ಕೆ ಮಧ್ಯಸ್ಥಿಕೆ ಮಾಡಿದ್ದ ನಮ್ಮ ಸಣ್ಣತ್ತೆ ಬಂದು ಕೂತು, ನೀರು ಕೇಳಿ ಕುಡಿದು, ಆಮೇಲೆ ಸುದ್ದಿ ಹೇಳಿದರು. ಆ ಮನೆಯವರು ಬೇಡ ಅಂದಿದ್ದಾರೆ. ಹುಡುಗಿ ಮಾಡಿದ್ದು ಅಂತ ತೋರಿಸಿದ್ದೆಲ್ಲ ಪೇಟೆಯಿಂದ ತಂದದ್ದು, ಆ ತಾಯಿ ಮಗಳು ಊರಿಗೆಲ್ಲ ಹಾಗೇ ಟೋಪಿ ಹಾಕುತ್ತಾರೆ ಅಂತ ದೊಡ್ಡ ಸೊಸೆ ಹೇಳಿದಳಂತೆ. ಕೈಗೆಲಸ ಬಲ್ಲವಳು ಅವಳು, ಅವಳಿಗೆ ಗೊತ್ತಾಗದೆ ಇರುತ್ತದಾ ಅಂತ ಹುಡುಗನ ತಾಯಿ ನಂಬಿದರಂತೆ. ಕ್ಲಿಪ್ಪು ಎಲ್ಲಿ ಕಚ್ಚುತ್ತದೆ ಅಂತ ಕಣ್ಣಾರೆ ಕಂಡು ಹೋಗಿದ್ದ ಮಾಸ್ತರ ತುಟಿ ಪಿಟಕ್ ಅನ್ನಲಿಲ್ಲ.

ನನಗೆ ಮೈಯೆಲ್ಲ ಉರಿಯಿತು. ನನ್ನ ಮೊಬೈಲಿನಲ್ಲಿ ಆ ಎತ್ತಿನ ಫೋಟೊ ಇತ್ತು. ಮಗಳು ನೆಲದ ಮೇಲೆ ಕೂತು, ಮೊಣಕೈತನಕ ಕಂದು ಪುಡಿ ಮೆತ್ತಿಕೊಂಡು, ಎತ್ತನ್ನು ಎತ್ತಿ ಹಿಡಿದ ಫೋಟೊ. ಅದನ್ನು ಆ ಹುಡುಗನಿಗೆ ಕಳಿಸುತ್ತೇನೆ, ಕಮಲಾಪುರದ ಬಸ್ ಸ್ಟ್ಯಾಂಡಿನಲ್ಲಿ ನಿಂತು ಎಲ್ಲರಿಗೂ ತೋರಿಸುತ್ತೇನೆ ಅಂತ ಕೂಗಾಡಿದೆ. ಮಗಳು ಮೊಬೈಲು ಕಸಿದುಕೊಂಡಳು.

“ಅಕಿ ಆ ಮನ್ಯಾಗ ಬಾಳೇ ಮಾಡಬೇಕವ್ವ. ಮ್ಯಾಲ ಒಂದು ಕೂಸೈತಿ. ಅಕಿನ್ನ ಹೊರಗ ಹಾಕಿಸಿ ನಾ ಒಳಗ ಹೋಗ್ಲೇನು?”

ಆ ಫೋಟೊ ನಾನು ಯಾರಿಗೂ ಕಳಿಸಲಿಲ್ಲ. ಆದರೆ ಆ ಹೆಂಗಸನ್ನು ನಾನು ಕ್ಷಮಿಸಿಲ್ಲ. ನನ್ನ ಮಗಳು ಆ ಮನೆ ಸೇರಿದರೆ ಗುಟ್ಟು ಬಯಲಾದೀತು ಅನ್ನುವ ಹೆದರಿಕೆಗೆ ಹಾಗೆ ಮಾಡಿದಳು ಅಂತ ಮಂದಿ ಹೇಳಬಹುದು. ಹೆದರಿದವಳಿಗೆ ಧೈರ್ಯ ಹೇಳಿದವಳು ನಾನು, ನನ್ನ ಮಗಳ ಬೆನ್ನಿಗೇ ಚೂರಿ ಹಾಕಬೇಕಿತ್ತಾ?

ಮಳೆ ಮುಗಿದು ಮತ್ತೆ ಮದುವೆಗಳು ಶುರುವಾದವು. ಒಂದು ಬೆಳಿಗ್ಗೆ ಒಬ್ಬ ತಾಯಿ ತನ್ನ ಮಗಳನ್ನು ಕರೆದುಕೊಂಡು ಬಂದಳು, ರುಖವತಕ್ಕೆ ಏನಾದರೂ ಒಳ್ಳೆಯದು ಬೇಕಂತೆ. ಯಾವ ಊರಿಗೆ ಕೊಡುತ್ತಿದ್ದೀರಿ ಅಂತ ನಾನು ಕೇಳಿರಲಿಲ್ಲ, ಅವಳೇ ಹೇಳಿದಳು. ಕಮಲಾಪುರ, ಹುಡುಗ ಮಾಸ್ತರ, ಹುಡುಗನ ಅತ್ತಿಗೆ ಕೈಗೆಲಸದಲ್ಲಿ ಭಾರಿ ಶಾಣ್ಯಾ ಇದ್ದಾಳೆ, ಅದಕ್ಕೆ ಆ ಮನೆಯವರು ಅಂಥದೇ ಹುಡುಗಿಯನ್ನು ಹುಡುಕುತ್ತಿದ್ದರು. ನನಗೆ ಅವಳನ್ನು ಹೊಸ್ತಿಲಾಚೆ ನೂಕಬೇಕೆನಿಸಿತು. ನಾನು ಬಾಯಿ ತೆರೆಯುವ ಮೊದಲೇ ಮಗಳು ಯಾವ ಬಣ್ಣ ಬೇಕು ಅಂತ ಕೇಳಿಬಿಟ್ಟಳು. ಅವರು ಹೋದ ಮೇಲೆ ಅವಳನ್ನು ಬೈದೆ. ನಾವು ಮಾಡದಿದ್ದರೆ ಇನ್ನೊಬ್ಬರು ಮಾಡುತ್ತಾರೆ, ಅಲ್ಲಿ ಕೂದಲು ಮಲಗಿರುತ್ತದೆ ಅಂದಳು. ಸಿಟ್ಟಿಗೆ ಅಂದಳೋ ಸೊಕ್ಕಿಗೆ ಅಂದಳೋ, ಇವತ್ತಿಗೂ ಗೊತ್ತಾಗಿಲ್ಲ.

ಮೊಲದ ಜೋಡಿ, ಆನೆ, ಹಸಿರು ವೆಲ್ವೆಟ್ಟಿನ ತೋಟ ಎಲ್ಲ ತಯಾರಾಯಿತು. ಒಯ್ಯಲು ಬಂದ ದಿನ ಆ ತಾಯಿ ಇನ್ನೊಂದು ಕೇಳಿದಳು. ಅಲ್ಲಿ ಯಾರಾದರೂ ಹೇಗೆ ಮಾಡಿದಿ ಅಂತ ಕೇಳಿದರೆ ಹುಡುಗಿ ತೊದಲಬಾರದು, ಒಂದಿಷ್ಟು ಹೇಳಿಕೊಡಿ ಅಂದಳು. ಮಗಳು ಆ ಹುಡುಗಿಯನ್ನು ನೆಲದ ಮೇಲೆ ಎದುರಿಗೆ ಕೂರಿಸಿಕೊಂಡು ಹೇಳಿಕೊಟ್ಟಳು. ಮೊದಲು ಅಂಟು, ಆಮೇಲೆ ಮೊಳೆ, ಆಮೇಲೆ ಕ್ಲಿಪ್ಪು, ಫ್ಯಾನ್ ಹಚ್ಚಬಾರದು, ಒಂದು ದಿನ ಒಣಗಬೇಕು, ಮೆತ್ತನೆಯ ಬ್ರಶ್ಶಿನಿಂದ ಉದುರುವುದನ್ನು ಉದುರಿಸಬೇಕು. ಆ ಮಾಸ್ತರನಿಗೆ ಹೇಳಿದ್ದನ್ನೇ ಅದೇ ಸಾಲಿನಲ್ಲಿ ಹೇಳುತ್ತಿದ್ದಳು. ನಾನು ಬಾಗಿಲಲ್ಲಿ ನಿಂತಿದ್ದೆ. ಹುಡುಗಿ ಪಾಪದವಳು, ಬೆರಳು ಮಡಿಚುತ್ತ ತುಟಿಯಲ್ಲೇ ಹೇಳಿಕೊಳ್ಳುತ್ತಿದ್ದಳು. ಕೊನೆಗೆ ಅಂಜುತ್ತ, ಯಾರ ಹತ್ತಿರ ಕಲಿತಿ ಅಂತ ಕೇಳಿದರೆ ಏನು ಹೇಳಲಿ ಅಂದಳು.

ಮಗಳು ಮೊಲದ ಕಿವಿಗೆ ಮೆತ್ತಿದ್ದ ಪುಡಿಯನ್ನು ಬ್ರಶ್ಶಿನಿಂದ ಉದುರಿಸಿದಳು. ನನ್ನ ಕಡೆ ನೋಡಲಿಲ್ಲ.

“ಅವ್ವನ ಕಡೆ ಕಲ್ತೀನಿ ಅಂತ ಹೇಳ್ರಿ. ಅದರ ಮ್ಯಾಲ ಯಾರೂ ಏನೂ ಕೇಳೂದಿಲ್ಲ.”

ಆ ಹುಡುಗಿ ಇನ್ನೊಂದು ಬೆರಳು ಮಡಿಚಿ, ಅದನ್ನೂ ಬಾಯಿಪಾಠ ಮಾಡಿಕೊಂಡಳು.